ಶಾಸನಗಳನ್ನು ಉಳಿಸಿದ ಬಿ. ಎಲ್. ರೈಸ್

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಸಾಗುವ ದಾರಿಯಲ್ಲಿ ಸುಮಾರು 10 ಕಿಲೋಮೀಟರು ಹೋದರೆ ಬೆಟ್ಟಗಳ ಸಾಲೊಂದು ಎದುರಾಗುತ್ತದೆ. ಆ ಸಾಲಿನಲ್ಲಿ ಎದ್ದು ಕಾಣುವ ಕಲ್ಲಿನ ಬೆಟ್ಟವೇ ಮಾಕಳಿದುರ್ಗ. ಇದರ ಎತ್ತರ 1117 ಮೀಟರು. ನೆತ್ತಿಯ ಮೇಲೆ ಹಳೆಯ ಕೋಟೆಯ ಗೋಡೆಗಳೂ ನಂದಿಯೊಡನೆ ಇರುವ ಒಂದು ಶಿವಾಲಯವೂ ಉಂಟು. ಮಾರ್ಕಂಡೇಯ ಋಷಿಯು ಇಲ್ಲಿ ತಪಸ್ಸು ಮಾಡಿದನೆಂದು ಸುತ್ತಲಿನ ಜನರ ನಂಬಿಕೆ. ಬೆಟ್ಟದ ತಪ್ಪಲಿನಲ್ಲಿ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುದಾರಿ ಇದೆ. ಸಮೀಪದಲ್ಲಿಯೇ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವಿದೆ. ಕೋಟೆಯನ್ನು ನೋಡುವವನ ಮನಸ್ಸಿನಲ್ಲಿ ಸಹಜವಾಗಿ ಕೆಲವು ಪ್ರಶ್ನೆಗಳು ಏಳುತ್ತವೆ. ಈ ನಾಡನ್ನು ಯಾರು ಆಳಿದರು? ಇಲ್ಲಿಯ ಕೆರೆಗಳನ್ನು ಯಾರು ಕಟ್ಟಿಸಿದರು? ಊರಿನ ದನಗಳನ್ನು ಕಾಯಲು ಹೋರಾಡಿ ಮಡಿದವರು ಯಾರು?

ಈ ಪ್ರಶ್ನೆಗಳಿಗೆ ಉತ್ತರವು ನಮ್ಮ ಹಳ್ಳಿಗಳಲ್ಲಿಯೇ ಇದೆ. ಅರಸರು ಕೊಟ್ಟ ದಾನ, ಊರವರು ತೋಡಿಸಿದ ಕೆರೆ, ವೀರನ ಮರಣ ಇವುಗಳನ್ನು ಹಿಂದಿನವರು ಕಲ್ಲಿನ ಮೇಲೂ ತಾಮ್ರದ ಹಲಗೆಗಳ ಮೇಲೂ ಕೊರೆಯಿಸಿ ಇಟ್ಟರು. ಇವೇ ಶಾಸನಗಳು. ಆದರೆ ಕಾಲ ಕಳೆದಂತೆ ಲಿಪಿಯ ರೂಪವು ಬದಲಾಯಿತು. ಅಜ್ಜ ಬರೆಯಿಸಿದ್ದನ್ನು ಮೊಮ್ಮಗನ ಮೊಮ್ಮಗನು ಓದಲಾರದೆ ಹೋದನು. ಓದಲು ಬಾರದ ಕಲ್ಲು ಬರಿಯ ಕಲ್ಲಾಯಿತು. ಅದು ಕೆಲವೆಡೆ ಬಟ್ಟೆ ಒಗೆಯುವ ಬಂಡೆಯಾಯಿತು, ಕೆಲವೆಡೆ ಕೆರೆಯ ತೂಬಿಗೆ ಹಾಸುಗಲ್ಲಾಯಿತು, ಕೆಲವೆಡೆ ಮನೆಯ ಮೆಟ್ಟಿಲಾಯಿತು. ಅಕ್ಷರಗಳ ಕೆಳಗೆ ನಿಧಿಯಿದೆ ಎಂಬ ಆಸೆಯಿಂದ ಒಡೆಯಲ್ಪಟ್ಟ ಕಲ್ಲುಗಳೂ ಉಂಟು. ಹೀಗೆ ದಿನದಿನಕ್ಕೂ ಅಳಿಯುತ್ತಿದ್ದ ನಾಡಿನ ನೆನಪನ್ನು ಊರೂರು ತಿರುಗಿ ಸಂಗ್ರಹಿಸಿ, ಓದಿ, ಮುದ್ರಿಸಿ ಉಳಿಸಿಕೊಟ್ಟವರಲ್ಲಿ ಮೊದಲಿಗರು ಬೆಂಜಮಿನ್ ಲೂಯಿಸ್ ರೈಸ್. ಅವರು ವೃತ್ತಿಯಿಂದ ಇತಿಹಾಸಕಾರರಾಗಿರಲಿಲ್ಲ. ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಸರ್ಕಾರಿ ಅಧಿಕಾರಿಯಾಗಿದ್ದರು.

ರೈಸ್ ಅವರು ಹುಟ್ಟಿದುದು ಬೆಂಗಳೂರಿನಲ್ಲಿ, 1837ನೆಯ ಇಸವಿ ಜುಲೈ 17ರಂದು. ಅದಕ್ಕೆ ಒಂದು ತಿಂಗಳು ಮೊದಲು ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯು ಸಿಂಹಾಸನವನ್ನು ಏರಿದ್ದಳು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ ಸಂಸ್ಥೆಗೆ ಸೇರಿದ ಪಾದ್ರಿಗಳು. ಅವರು ಕನ್ನಡವನ್ನು ಚೆನ್ನಾಗಿ ಕಲಿತು, ಬೆಂಗಳೂರಿನಲ್ಲಿ ಶಾಲೆಗಳನ್ನು ನಡೆಸಿ ಹೆಸರಾಗಿದ್ದರು. ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಅವರ ನೆನಪಿಗಾಗಿ ನಿಂತಿದೆ. ಇಂತಹ ಮನೆಯಲ್ಲಿ ಹುಟ್ಟಿದ ಬಾಲಕನ ಕಿವಿಗೆ ಕನ್ನಡದ ನುಡಿ ತೊಟ್ಟಿಲಿನಿಂದಲೇ ಬಿದ್ದಿತು. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಅವರು 1860ರಲ್ಲಿ ತಾವು ಹುಟ್ಟಿದ ಊರಿಗೆ ಹಿಂದಿರುಗಿದರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ಬೆಂಗಳೂರಿನ ಹೈಸ್ಕೂಲಿನ ಮುಖ್ಯಾಧ್ಯಾಪಕರಾಗಿ ಅವರು ಕೆಲಸಕ್ಕೆ ಸೇರಿದರು. ಮುಂದೆ ಸೆಂಟ್ರಲ್ ಕಾಲೇಜು ಎಂದು ಪ್ರಸಿದ್ಧವಾದುದು ಇದೇ ಸಂಸ್ಥೆ.

ಆ ಕಾಲದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1831ರಲ್ಲಿ ಆರಂಭವಾದ ಈ ಆಡಳಿತವು ಮುಗಿದು, ರಾಜ್ಯವು ಮತ್ತೆ ಒಡೆಯರ ಕೈಸೇರಿದುದು 1881ರಲ್ಲಿ. ರೈಸ್ ಅವರು ಎರಡೂ ಆಡಳಿತಗಳಲ್ಲಿ ಸೇವೆ ಸಲ್ಲಿಸಿದರು. 1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲೆಗಳ ಇನ್ಸ್‌ಪೆಕ್ಟರರಾದರು. ಹಳ್ಳಿಯ ಮಕ್ಕಳಿಗೆ ಅವರ ಭಾಷೆಯಲ್ಲಿಯೇ ಪಾಠ ಹೇಳುವ ಹೋಬಳಿ ಶಾಲೆಗಳ ಯೋಜನೆಯು 1868ರಲ್ಲಿ ರೂಪುಗೊಂಡಾಗ ಅದರಲ್ಲಿ ಅವರ ಪಾತ್ರವು ದೊಡ್ಡದಾಗಿದ್ದಿತು. ಮುಂದೆ ಅವರು ವಿದ್ಯಾ ಇಲಾಖೆಯ ನಿರ್ದೇಶಕರಾದರು. ಭಾರತದ ಶಿಕ್ಷಣ ಸ್ಥಿತಿಯನ್ನು ಪರಿಶೀಲಿಸಲು 1882ರಲ್ಲಿ ಹಂಟರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದು ನೇಮಕವಾದಾಗ ಅದರ ಕಾರ್ಯದರ್ಶಿಯಾಗಿಯೂ ಕೆಲಸ ಮಾಡಿದರು.

ಇನ್ಸ್‌ಪೆಕ್ಟರರ ಕೆಲಸವೆಂದರೆ ಸುತ್ತಾಟದ ಕೆಲಸ. ಆಗ ಮೋಟಾರು ಇರಲಿಲ್ಲ. ಸಂಸ್ಥಾನದ ಒಳನಾಡಿನಲ್ಲಿ ರೈಲುದಾರಿಯೂ ಇರಲಿಲ್ಲ. ರೈಸ್ ಅವರು ಕುದುರೆಯ ಮೇಲೆ ಊರಿಂದ ಊರಿಗೆ ಹೋಗಿ ಶಾಲೆಗಳನ್ನು ಪರೀಕ್ಷಿಸುತ್ತಿದ್ದರು. ದಾರಿಯಲ್ಲಿ ದೇವಾಲಯಗಳ ಮುಂದೆ, ಕೆರೆಯ ಏರಿಯ ಮೇಲೆ, ಹೊಲಗಳ ಬದುವಿನಲ್ಲಿ ಬರವಣಿಗೆಯುಳ್ಳ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಬಹುಮಂದಿ ಅಧಿಕಾರಿಗಳು ಅಂತಹ ಕಲ್ಲುಗಳನ್ನು ಕಂಡೂ ಕಾಣದಂತೆ ಮುಂದೆ ಸಾಗಿದ್ದರು. ರೈಸ್ ಅವರು ಹಾಗೆ ಸಾಗಲಾರದಾದರು. ಇದರಲ್ಲಿ ಏನು ಬರೆದಿದೆ ಎಂಬ ಕುತೂಹಲವೇ ಅವರ ಮುಂದಿನ ನಾಲ್ವತ್ತು ವರ್ಷಗಳ ಬಾಳಿನ ದಾರಿಯನ್ನು ನಿಶ್ಚಯಿಸಿತು.

ಈ ಆಸಕ್ತಿಗೆ ಒಂದು ಸಂದರ್ಭವೂ ಒದಗಿ ಬಂದಿತು. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ಸಂಸ್ಥಾನದ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದನು. ಆಗ ಕಮಿಷನರರಾಗಿದ್ದ ಲೆವಿನ್ ಬೌರಿಂಗ್ ಅವರು ಆ ಚಿತ್ರಗಳಲ್ಲಿ ಇರುವುದನ್ನು ಓದಿ ಅನುವಾದಿಸುವಂತೆ ರೈಸ್ ಅವರಿಗೆ ಹೇಳಿದರು. ಹಳೆಯ ಲಿಪಿ, ಹಳಗನ್ನಡದ ಪದಗಳು, ನಡುನಡುವೆ ಸಂಸ್ಕೃತದ ಶ್ಲೋಕಗಳು, ಸವೆದುಹೋದ ಅಕ್ಷರಗಳು ಇವೆಲ್ಲವೂ ಸೇರಿ ಆ ಕೆಲಸವು ಬಹು ಕಠಿನವಾಗಿದ್ದಿತು. ರೈಸ್ ಅವರು ಪಂಡಿತರ ನೆರವನ್ನು ಪಡೆದು, ಇಲಾಖೆಯ ಕೆಲಸದಿಂದ ಉಳಿದ ವೇಳೆಯನ್ನು ಇದಕ್ಕೆ ಮೀಸಲಿಟ್ಟು, ವರ್ಷಗಳ ಕಾಲ ದುಡಿದರು. ಇದರ ಫಲವಾಗಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವು 1879ರಲ್ಲಿ ಹೊರಬಂದಿತು.

ಉದ್ಯೋಗದ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವನ್ನು ಪ್ರೀತಿಯಿಂದ ಮಾಡುವುದು ಆ ಕಾಲದ ಇಂಗ್ಲೆಂಡಿನ ವಿದ್ಯಾವಂತರಲ್ಲಿ ಒಂದು ಸಂಪ್ರದಾಯವಾಗಿದ್ದಿತು. ಅಂತಹವರನ್ನು ನಾವು ಹವ್ಯಾಸಿಗಳೆಂದು ಕರೆಯುತ್ತೇವೆ. ಇಂದು ಲೋಕಪ್ರಿಯವಾಗಿರುವ ಕಾಲ್ಚೆಂಡಾಟವು ಬೆಳೆದುದೂ ಇಂತಹ ಹವ್ಯಾಸಿಗಳಿಂದಲೇ. 1863ರಲ್ಲಿ ಲಂಡನ್ನಿನಲ್ಲಿ ಫುಟ್ಬಾಲ್ ಅಸೋಸಿಯೇಷನ್ ಎಂಬ ಸಂಸ್ಥೆಯು ಹುಟ್ಟಿ ಆಟಕ್ಕೆ ನಿಯಮಗಳನ್ನು ರಚಿಸಿತು. ಅದನ್ನು ಕಟ್ಟಿದ ತಂಡಗಳಲ್ಲಿ ಸರ್ಕಾರಿ ನೌಕರರ ತಂಡವೂ ಒಂದಾಗಿದ್ದಿತು. ವಿಲಿಯಂ ಲಿಂಡ್ಸೆ ಎಂಬ ಆಟಗಾರನ ಬಾಳು ಇದಕ್ಕೆ ಒಳ್ಳೆಯ ನಿದರ್ಶನ. ಈತನು 1847ರಲ್ಲಿ ನಮ್ಮ ದೇಶದ ಮಸ್ಸೂರಿಯಲ್ಲಿ ಹುಟ್ಟಿದವನು. ಲಂಡನ್ನಿನಲ್ಲಿ ಭಾರತದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನಲ್ಲಿ ಅವನಿಗೆ ಉದ್ಯೋಗ. ಕಚೇರಿಯ ಕಡತಗಳನ್ನು ಮುಗಿಸಿ ಮೈದಾನಕ್ಕೆ ಇಳಿಯುತ್ತಿದ್ದ ಈ ನೌಕರನು ವಾಂಡರರ್ಸ್ ತಂಡದಲ್ಲಿ ಆಡಿ 1876, 1877 ಮತ್ತು 1878ರಲ್ಲಿ ಸತತವಾಗಿ ಎಫ್. ಎ. ಕಪ್ ಗೆದ್ದ ಆಟಗಾರರಲ್ಲಿ ಒಬ್ಬನಾದನು. 1877ರಲ್ಲಿ ಇಂಗ್ಲೆಂಡಿನ ಪರವಾಗಿಯೂ ಆಡಿದನು. ಆಟಕ್ಕೆಂದು ಅವನು ಕೂಲಿಯನ್ನು ಪಡೆಯಲಿಲ್ಲ.

ಲಿಂಡ್ಸೆಗೆ ಮೈದಾನವು ಹೇಗೋ ರೈಸ್ ಅವರಿಗೆ ಶಾಸನಗಳು ಹಾಗೆ. ಇಬ್ಬರೂ ಹಗಲಿನ ಉದ್ಯೋಗಕ್ಕೆ ಕೊರತೆ ಮಾಡದೆ, ತಮಗೆ ಪ್ರಿಯವಾದುದನ್ನು ನಿಯಮದಿಂದ ನಡೆಸಿದರು. ಆದರೆ ಒಂದು ವ್ಯತ್ಯಾಸ ಉಂಟು. ಆಟದ ಫಲವು ಸಂಜೆಯ ವೇಳೆಗೆ ತಿಳಿಯುತ್ತದೆ. ನೋಡಲು ನೆರೆದವರು ಚಪ್ಪಾಳೆ ತಟ್ಟುತ್ತಾರೆ. ಕಲ್ಲಿನ ಮುಂದೆ ಕುಳಿತು ಸವೆದ ಅಕ್ಷರವೊಂದನ್ನು ಬಿಡಿಸುವವನಿಗೆ ಅಂತಹ ಪ್ರೋತ್ಸಾಹವಿಲ್ಲ. ಅವನ ಶ್ರಮದ ಬೆಲೆಯು ತಿಳಿಯುವುದಕ್ಕೆ ಎಷ್ಟೋ ವರ್ಷಗಳು ಬೇಕಾಗುತ್ತವೆ.

ಇದರ ನಡುವೆ ರೈಸ್ ಅವರು ಇನ್ನೊಂದು ದೊಡ್ಡ ಹೊರೆಯನ್ನು ಹೊತ್ತರು. ಮೈಸೂರು ಮತ್ತು ಕೊಡಗುಗಳ ನೆಲ, ಜಲ, ಬೆಳೆ, ಜನ, ಇತಿಹಾಸ, ಊರುಗಳ ವಿವರ ಇವೆಲ್ಲವನ್ನೂ ಒಳಗೊಂಡ ಗ್ಯಾಸೆಟಿಯರನ್ನು ಸಿದ್ಧಪಡಿಸಿ, 1876ರಿಂದ 1878ರ ಅವಧಿಯಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದರು. ಇದನ್ನು ಪರಿಷ್ಕರಿಸಿ, ಮೈಸೂರಿಗೆ ಸಂಬಂಧಿಸಿದ ಎರಡು ಸಂಪುಟಗಳನ್ನು 1897ರಲ್ಲಿ ಹೊರತಂದರು. ಕಳೆದ ಶತಮಾನಗಳ ನಮ್ಮ ನಾಡಿನ ಸ್ಥಿತಿಗತಿಗಳನ್ನು ತಿಳಿಯಬಯಸುವವರು ಇಂದಿಗೂ ಈ ಗ್ರಂಥಗಳನ್ನು ತೆರೆದು ನೋಡುತ್ತಾರೆ.

1885ರಲ್ಲಿ ಮೈಸೂರು ಸಂಸ್ಥಾನವು ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ ಅದರ ಹೊಣೆಯನ್ನು ರೈಸ್ ಅವರಿಗೆ ವಹಿಸಿತು. ಇಂಗ್ಲೆಂಡಿನಲ್ಲಿ ಕಾಲ್ಚೆಂಡಾಟಗಾರರು ಹಣ ಪಡೆದು ಆಡುವುದಕ್ಕೆ ಒಪ್ಪಿಗೆ ದೊರೆತುದೂ ಇದೇ ವರ್ಷದಲ್ಲಿ. ಅಲ್ಲಿ ಹವ್ಯಾಸಿಗಳ ಆಟವು ವೃತ್ತಿಯಾಗತೊಡಗಿದಂತೆ ಇಲ್ಲಿ ರೈಸ್ ಅವರ ಹವ್ಯಾಸವು ಸರ್ಕಾರದ ಕೆಲಸವಾಯಿತು. ಮೊದಲ ಕೆಲವು ವರ್ಷ ಅವರು ಇದನ್ನು ಇತರ ಕೆಲಸಗಳ ಜೊತೆಯಲ್ಲಿಯೇ ನಡೆಸಿದರು. 1890ರಿಂದ ತಮ್ಮ ಪೂರ್ಣ ಕಾಲವನ್ನು ಇದಕ್ಕೆ ಕೊಟ್ಟರು. ಇಡೀ ಸಂಸ್ಥಾನದ ಶಾಸನಗಳನ್ನು ಊರೂರಿಗೂ ಹೋಗಿ ಸಂಗ್ರಹಿಸಬೇಕೆಂಬುದು ಅವರ ಸಂಕಲ್ಪ.

ಶಾಸನವನ್ನು ಸಂಗ್ರಹಿಸುವುದೆಂದರೆ ಕಲ್ಲನ್ನು ಹೊತ್ತು ತರುವುದಲ್ಲ. ಕಲ್ಲು ಇದ್ದಲ್ಲಿಯೇ ಇರುತ್ತದೆ. ಅದರ ಅಕ್ಷರಗಳ ಪಡಿಯಚ್ಚನ್ನು ತೆಗೆಯಲಾಗುತ್ತದೆ. ಮೊದಲು ಕಲ್ಲಿನ ಮೇಲಿನ ಮಣ್ಣು, ಹಾವಸೆ, ಸುಣ್ಣ ಮುಂತಾದುವನ್ನು ನೀರಿನಿಂದ ತೊಳೆದು ಶುದ್ಧ ಮಾಡಬೇಕು. ಅನಂತರ ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕುಂಚದಿಂದ ಮೆಲ್ಲಗೆ ಬಡಿಯಬೇಕು. ಆಗ ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿದು ಕುಳಿತುಕೊಳ್ಳುತ್ತದೆ. ಬಳಿಕ ಮಸಿಯಲ್ಲಿ ಅದ್ದಿದ ಬಟ್ಟೆಯ ಉಂಡೆಯನ್ನು ಕಾಗದದ ಮೇಲೆ ಒತ್ತುತ್ತ ಹೋದರೆ ಎತ್ತರದ ಭಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಒಣಗಿದ ಮೇಲೆ ಕಾಗದವನ್ನು ಬಿಡಿಸಿಕೊಂಡರೆ ಶಾಸನದ ನಿಜವಾದ ಪ್ರತಿಯು ಕೈಗೆ ಬರುತ್ತದೆ. ಗಾಳಿ ಬೀಸಿದರೆ ಕಾಗದವು ಹಾರುತ್ತದೆ. ಬಿಸಿಲು ಹೆಚ್ಚಾದರೆ ಬೇಗ ಒಣಗಿ ಬಿರಿಯುತ್ತದೆ. ಆದ್ದರಿಂದ ಇದು ತಾಳ್ಮೆಯ ಕೆಲಸ.

ಪಡಿಯಚ್ಚು ದೊರೆತ ಮೇಲೆ ಓದುವ ಕೆಲಸವು ಆರಂಭವಾಗುತ್ತದೆ. ಅಕ್ಷರಗಳ ರೂಪವು ಶತಮಾನದಿಂದ ಶತಮಾನಕ್ಕೆ ಬದಲಾಗಿರುವುದರಿಂದ, ಅದನ್ನು ನೋಡಿಯೇ ಶಾಸನದ ಕಾಲವನ್ನು ಸುಮಾರಾಗಿ ಊಹಿಸಬಹುದು. ಅನೇಕ ಶಾಸನಗಳಲ್ಲಿ ಶಕವರ್ಷವನ್ನು ಹೇಳಿರುತ್ತದೆ. ಅದಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತಶಕದ ವರ್ಷವು ದೊರೆಯುತ್ತದೆ. ಅರಸನ ಹೆಸರು ಮತ್ತು ಬಿರುದು, ಮಾಸ, ತಿಥಿ, ವಾರ, ದಾನ ಕೊಟ್ಟವನು, ಪಡೆದವನು, ಭೂಮಿಯ ಎಲ್ಲೆ, ಸಾಕ್ಷಿಗಳು ಇವೆಲ್ಲವೂ ಅಲ್ಲಿ ಬರುತ್ತವೆ. ಕೊನೆಯಲ್ಲಿ, ದಾನವನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು ಕೊಂದ ಪಾಪವು ತಟ್ಟಲಿ ಎಂಬಂತಹ ಶಾಪವೂ ಉಂಟು. ಒಂದು ಶಾಸನವನ್ನು ಇನ್ನೊಂದರೊಡನೆ ಹೋಲಿಸುತ್ತ ಹೋದಂತೆ ರಾಜವಂಶಗಳ ಅನುಕ್ರಮವು ಮೆಲ್ಲಮೆಲ್ಲನೆ ಸ್ಪಷ್ಟವಾಗುತ್ತದೆ.

ಹೀಗೆ ಸಂಗ್ರಹಿಸಿದ ಶಾಸನಗಳನ್ನು ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಕೊಡಗಿನ ಶಾಸನಗಳ ಮೊದಲನೆಯ ಸಂಪುಟವು 1886ರಲ್ಲಿಯೂ ಶ್ರವಣಬೆಳಗೊಳದ ಎರಡನೆಯ ಸಂಪುಟವು 1889ರಲ್ಲಿಯೂ ಹೊರಬಂದವು. ಅನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ ಎಂದು ಜಿಲ್ಲೆಗಳಿಗೆ ಅನುಸಾರವಾಗಿ ಸಂಪುಟಗಳು ಬಂದವು. 1905ರ ಹೊತ್ತಿಗೆ ಹನ್ನೆರಡು ಸಂಪುಟಗಳು ಪೂರ್ಣವಾಗಿದ್ದವು. ಅವುಗಳಲ್ಲಿ ಸೇರಿದ ಶಾಸನಗಳ ಸಂಖ್ಯೆ 8,869. ಪ್ರತಿಯೊಂದು ತಾಲ್ಲೂಕಿನ ಶಾಸನಗಳಿಗೂ ಬೇರೆ ಬೇರೆಯಾಗಿ ಕ್ರಮಸಂಖ್ಯೆಯನ್ನು ಕೊಟ್ಟು, ಅದು ಯಾವ ಊರಿನಲ್ಲಿ, ಯಾವ ಸ್ಥಳದಲ್ಲಿ ಇದೆ ಎಂಬುದನ್ನು ರೈಸ್ ಅವರು ಗುರುತಿಸಿದರು. ಮೂಲ ಪಾಠ, ರೋಮನ್ ಲಿಪಿಯಲ್ಲಿ ಅದರ ರೂಪ, ಇಂಗ್ಲಿಷ್ ಅನುವಾದ ಇವು ಸಂಪುಟಗಳಲ್ಲಿವೆ. ಸರ್ಕಾರಿ ದಫ್ತರವನ್ನು ಇಡುವ ಅಧಿಕಾರಿಯ ಶಿಸ್ತು ಈ ಏರ್ಪಾಟಿನಲ್ಲಿ ಎದ್ದು ತೋರುತ್ತದೆ.

ಮಾಕಳಿದುರ್ಗದ ಸುತ್ತಲಿನ ನಾಡಿನ ವಿಷಯವನ್ನು ತಿಳಿಯಬೇಕಾದರೆ ಒಂಬತ್ತನೆಯ ಸಂಪುಟವನ್ನು ನೋಡಬೇಕು. 1905ರಲ್ಲಿ ಪ್ರಕಟವಾದ ಈ ಸಂಪುಟವು ಬೆಂಗಳೂರು ಜಿಲ್ಲೆಗೆ ಮೀಸಲಾದುದು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಆಗ ಆ ದೊಡ್ಡ ಜಿಲ್ಲೆಯಲ್ಲಿಯೇ ಇದ್ದವು. ಈ ಸಂಪುಟದಲ್ಲಿ ಕನ್ನಡ ಶಾಸನಗಳೊಡನೆ ತಮಿಳು ಶಾಸನಗಳೂ ಸೇರಿವೆ. ಗಂಗರು, ರಾಷ್ಟ್ರಕೂಟರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರಾದ ಮೇಲೆ ಒಬ್ಬರು ಈ ನೆಲದಲ್ಲಿ ಆಳಿದರೆಂಬುದನ್ನು ಅವು ತಿಳಿಸುತ್ತವೆ. ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಹಳ್ಳಿ. ಗಂಗರ ಕಾಲದಲ್ಲಿ ಅದು ಮಾನ್ಯಪುರವೆಂಬ ರಾಜಧಾನಿಯಾಗಿ ಮೆರೆದಿತ್ತು. ಅಲ್ಲಿಯ ತಾಮ್ರಶಾಸನಗಳನ್ನು ಓದದೆ ಹೋಗಿದ್ದರೆ ಹಳ್ಳಿಯ ಹಿರಿಮೆಯು ಹಳ್ಳಿಯವರಿಗೇ ತಿಳಿಯುತ್ತಿರಲಿಲ್ಲ.

ಶಾಸನಗಳು ಅರಸರ ವಿಷಯವನ್ನು ಮಾತ್ರ ಹೇಳುತ್ತವೆ ಎಂದು ತಿಳಿಯಬಾರದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಇದಕ್ಕೆ ಉದಾಹರಣೆ. ಇದು ಕ್ರಿ. ಶ. 949-50ರ ಕಾಲದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರೊಡನೆ ತಕ್ಕೋಲದಲ್ಲಿ ಮಾಡಿದ ಯುದ್ಧದ ವಿಷಯವು ಇದರಲ್ಲಿದೆ. ಆ ಯುದ್ಧದಲ್ಲಿ ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರನು ಪರಾಕ್ರಮವನ್ನು ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಅವನು ಕೇಳಿದುದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆಯ ನಾಯಿಯನ್ನು! ಮುಂದೆ ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಮಣಲೆರನು ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನೂ ಬಿಡಿಸಿದನು. ನಾಯಿಯೂ ಹಂದಿಯೂ ಹೋರಾಡುವ ಶಿಲ್ಪವು ಆ ಕಲ್ಲಿನ ಮೇಲಿದೆ. ಈ ಶಾಸನವನ್ನು ರೈಸ್ ಅವರು ತಮ್ಮ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ರೈಸ್ ಅವರ ಶೋಧಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು 1892ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳ ಬಂಡೆಗಳ ಮೇಲೆ ಬ್ರಾಹ್ಮೀ ಲಿಪಿಯ ಬರಹವನ್ನು ಅವರು ಗುರುತಿಸಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅದರಲ್ಲಿದೆ. ತಾಯಿ ತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಸಾರ. ಬರೆದ ಲಿಪಿಕಾರನ ಹೆಸರು ಚಪಡ. ಅವನು ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಮಾತ್ರ ವಾಯುವ್ಯ ಭಾರತದಲ್ಲಿ ಬಳಕೆಯಲ್ಲಿದ್ದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಕರ್ನಾಟಕದ ಈ ಭಾಗವು ಮೌರ್ಯ ಸಾಮ್ರಾಜ್ಯಕ್ಕೆ ಸೇರಿತ್ತೆಂಬುದು ಇದರಿಂದ ಸ್ಥಿರಪಟ್ಟಿತು. ನಮ್ಮ ನಾಡಿನ ಲಿಖಿತ ಇತಿಹಾಸವು ಒಮ್ಮೆಗೇ ಅನೇಕ ಶತಮಾನಗಳಷ್ಟು ಹಿಂದಕ್ಕೆ ಸರಿಯಿತು.

ಕನ್ನಡದ ಹಳೆಯ ಗ್ರಂಥಗಳ ಉದ್ಧಾರದಲ್ಲಿಯೂ ರೈಸ್ ಅವರು ಕೈಯಿಟ್ಟರು. ಅಂದು ಪಂಪ, ನಾಗವರ್ಮ ಮೊದಲಾದವರ ಕೃತಿಗಳು ತಾಳೆಗರಿಗಳಲ್ಲಿ ಅಡಗಿದ್ದವು. ‘ಬಿಬ್ಲಿಯೊಥಿಕ ಕರ್ನಾಟಿಕ’ ಎಂಬ ಮಾಲೆಯನ್ನು ಆರಂಭಿಸಿ, ನಾಗವರ್ಮನ ‘ಭಾಷಾಭೂಷಣ’ವನ್ನು 1884ರಲ್ಲಿಯೂ ಭಟ್ಟಾಕಳಂಕನ ‘ಶಬ್ದಾನುಶಾಸನ’ವನ್ನು 1890ರಲ್ಲಿಯೂ ‘ಪಂಪ ಭಾರತ’ವನ್ನು 1898ರಲ್ಲಿಯೂ ಅವರು ಮುದ್ರಣಕ್ಕೆ ತಂದರು. ಕೆ. ಬಿ. ಪಾಠಕರು ಸಂಪಾದಿಸಿದ ‘ಕವಿರಾಜಮಾರ್ಗ’ವೂ 1898ರಲ್ಲಿ ಈ ಮಾಲೆಯಲ್ಲಿಯೇ ಹೊರಬಂದಿತು. ಮಂಗಳೂರಿನಲ್ಲಿ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಇವುಗಳಿಂದಾಗಿ ಹಳಗನ್ನಡವನ್ನು ಅಭ್ಯಾಸ ಮಾಡಬಯಸುವವರಿಗೆ ದಾರಿಯು ಸುಗಮವಾಯಿತು.

ಇಷ್ಟು ವಿಸ್ತಾರವಾದ ಕೆಲಸವನ್ನು ಒಬ್ಬನೇ ಮಾಡಿದನೆಂದರೆ ಸರಿಯಾಗಲಾರದು. ಹಳ್ಳಿಗಳಲ್ಲಿ ಕಲ್ಲುಗಳನ್ನು ತೋರಿಸಿದ ರೈತರು, ಪಡಿಯಚ್ಚು ತೆಗೆದ ನೌಕರರು, ಪಾಠವನ್ನು ಬಿಡಿಸಿದ ಪಂಡಿತರು ಇವರೆಲ್ಲರ ಶ್ರಮವೂ ಸಂಪುಟಗಳ ಹಿಂದೆ ಇದೆ. ರೈಸ್ ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರ ಅನಂತರ ಇಲಾಖೆಯ ಭಾರವನ್ನು ವಹಿಸಿಕೊಂಡು ಅದನ್ನು ಸಮರ್ಥವಾಗಿ ಮುಂದುವರಿಸಿದರು. ಶ್ರವಣಬೆಳಗೊಳದ ಸಂಪುಟದ ಮೊದಲ ಮುದ್ರಣದಲ್ಲಿ 144 ಶಾಸನಗಳಿದ್ದವು. ನರಸಿಂಹಾಚಾರ್ಯರು ಮತ್ತೆ ಹುಡುಕಿ 1923ರಲ್ಲಿ ಪರಿಷ್ಕರಿಸಿದಾಗ ಆ ಸಂಖ್ಯೆಯು 500ಕ್ಕೆ ಏರಿತು. ‘ಕರ್ನಾಟಕ ಕವಿಚರಿತೆ’ಯನ್ನು ರಚಿಸಿದ ವಿದ್ವಾಂಸರೂ ಇವರೇ.

ರೈಸ್ ಅವರ ಎಲ್ಲ ನಿರ್ಣಯಗಳೂ ಉಳಿದುಬಂದಿಲ್ಲ. ಗಂಗವಂಶದ ಕೆಲವು ತಾಮ್ರಶಾಸನಗಳನ್ನು ಅವರು ನಿಜವೆಂದು ನಂಬಿ ಕಾಲವನ್ನು ಎಣಿಸಿದರು. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಇನ್ನೊಬ್ಬ ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು ಅವುಗಳಲ್ಲಿ ಹಲವು ಮುಂದಿನವರು ಸೃಷ್ಟಿಸಿದ ಕೂಟಶಾಸನಗಳೆಂದು ವಾದಿಸಿದರು. ಶ್ರವಣಬೆಳಗೊಳಕ್ಕೆ ಚಂದ್ರಗುಪ್ತ ಮೌರ್ಯನು ಬಂದನೆಂಬ ವಿಷಯದಲ್ಲಿಯೂ ಇಬ್ಬರಿಗೆ ಭಿನ್ನಾಭಿಪ್ರಾಯವಿದ್ದಿತು. ಮುಂದೆ ಬಂದ ವಿದ್ವಾಂಸರು ರೈಸ್ ಅವರ ಪಾಠಗಳನ್ನೂ ಕಾಲನಿರ್ಣಯಗಳನ್ನೂ ಅಲ್ಲಲ್ಲಿ ತಿದ್ದಿದ್ದಾರೆ. ಆದರೆ ಹಾಗೆ ತಿದ್ದಲು ಸಾಧ್ಯವಾದುದು ಮೂಲಪಾಠಗಳನ್ನು ರೈಸ್ ಅವರು ಎಲ್ಲರ ಮುಂದೆ ಇಟ್ಟುದರಿಂದಲೇ. ತಾನು ಕಂಡ ಆಧಾರವನ್ನು ಬಚ್ಚಿಡದೆ ಇತರರ ಪರೀಕ್ಷೆಗೆ ಒಡ್ಡುವುದು ವಿದ್ವಾಂಸನ ಮೊದಲ ಧರ್ಮ.

1906ರಲ್ಲಿ ರೈಸ್ ಅವರು ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ ಹ್ಯಾರೋ ಎಂಬಲ್ಲಿ ನೆಲಸಿದರು. ಅಲ್ಲಿಯೂ ಅವರಿಗೆ ಮೈಸೂರಿನ ಧ್ಯಾನವೇ. ತಮ್ಮ ಸಂಶೋಧನೆಯ ಸಾರವನ್ನೆಲ್ಲ ಕ್ರೋಡೀಕರಿಸಿ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ತಿಳಿಸುವ ಗ್ರಂಥವನ್ನು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಅವರು ತೀರಿಕೊಂಡರು. ತೊಂಬತ್ತು ವರ್ಷ ತುಂಬುವುದಕ್ಕೆ ಏಳೇ ದಿನಗಳು ಉಳಿದಿದ್ದವು. ಕನ್ನಡಿಗರು ಅವರನ್ನು ‘ಶಾಸನ ಪಿತಾಮಹ’ನೆಂದು ಗೌರವದಿಂದ ನೆನೆಯುತ್ತಾರೆ.

ಅವರು ಹಾಕಿದ ಬುನಾದಿಯ ಮೇಲೆ ಕೆಲಸವು ನಡೆಯುತ್ತಲೇ ಬಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯು ಈ ಪ್ರದೇಶದ ಶಾಸನಗಳನ್ನು ಯಂತ್ರದ ಸಹಾಯದಿಂದ ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸವನ್ನು ಕೈಗೊಂಡಿತು. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಈ ವಿಧಾನದಿಂದ ಓದಲು ದೊರೆಯುತ್ತವೆ. ಹೀಗೆ ಕಲ್ಲನ್ನು ಹುಡುಕಿಕೊಂಡು ಹಳ್ಳಿಗೆ ಹೋಗುವವರ ಕೈಯಲ್ಲಿ ಇಂದಿಗೂ ರೈಸ್ ಅವರ ಸಂಪುಟವಿರುತ್ತದೆ. ಅದರಲ್ಲಿ ಹೇಳಿದ ಸ್ಥಳದಲ್ಲಿ ಕೆಲವೊಮ್ಮೆ ಕಲ್ಲು ಸಿಕ್ಕುತ್ತದೆ. ಕೆಲವೊಮ್ಮೆ ಆ ಸ್ಥಳದಲ್ಲಿ ರಸ್ತೆಯೋ ಮನೆಯೋ ಎದ್ದಿರುತ್ತದೆ, ಕಲ್ಲು ಇಲ್ಲ. ಆಗ ಆ ಊರಿನ ಹಿಂದಿನವರು ಬರೆಯಿಸಿದ ಮಾತು ಉಳಿದಿರುವುದು ಆ ಅಧಿಕಾರಿಯ ಪುಸ್ತಕದ ಪುಟದಲ್ಲಿ ಮಾತ್ರ.

ತನ್ನ ಪಾಲಿನ ಉದ್ಯೋಗವನ್ನು ಮಾಡಿ ಮುಗಿಸಿ, ಯಾರೂ ಕೇಳದ ಇನ್ನೊಂದು ಕೆಲಸವನ್ನು ಪ್ರೀತಿಯಿಂದಲೂ ಶಿಸ್ತಿನಿಂದಲೂ ಮಾಡಿದರೆ ಎಷ್ಟು ದೊಡ್ಡ ಫಲವು ದೊರೆಯಬಹುದು ಎಂಬುದಕ್ಕೆ ರೈಸ್ ಅವರ ಬಾಳು ಸಾಕ್ಷಿಯಾಗಿದೆ. ಶಾಲೆಯನ್ನು ನೋಡಲು ಬಂದವರು ಶಾಲೆಯ ದಾರಿಯಲ್ಲಿ ಬಿದ್ದಿದ್ದ ಕಲ್ಲನ್ನೂ ನೋಡಿದರು. ಅದರಿಂದ ಒಂದು ನಾಡಿಗೆ ತನ್ನ ಇತಿಹಾಸವು ತಿಳಿಯಿತು. ಅಂತಹ ಕಲ್ಲುಗಳು ನಮ್ಮ ಊರುಗಳಲ್ಲಿ ಇನ್ನೂ ಉಂಟು. ಅವುಗಳಿಗೆ ಸುಣ್ಣ ಬಳಿಯದೆ, ಅವುಗಳನ್ನು ಒಡೆಯದೆ, ಕಿತ್ತು ಎಸೆಯದೆ ಕಾಪಾಡುವುದು ಆಯಾ ಊರಿನವರ ಹೊಣೆ. ಹೊಲದ ಬದುವಿನಲ್ಲಿಯೋ ಕೆರೆಯ ಏರಿಯ ಮೇಲೆಯೋ ಅಕ್ಷರಗಳುಳ್ಳ ಕಲ್ಲನ್ನು ಕಂಡ ವಿದ್ಯಾರ್ಥಿಯು ಅದನ್ನು ಗುರುಗಳಿಗೆ ತಿಳಿಸಿದರೆ, ಯಾವ ಸಂಪುಟದಲ್ಲಿಯೂ ಸೇರದ ಹೊಸ ಶಾಸನವೊಂದು ಬೆಳಕಿಗೆ ಬಂದರೂ ಬರಬಹುದು.